ಕಟ್ಟುವುದು ಮತ್ತು ಪಾಲಿಸುವುದು: ಕಾಲೇಜಿನ ಸಮುದಾಯ ಸೇವಾ ಯೋಜನೆಯ ನಿರ್ವಹಣೆಯಲ್ಲಿ ವಿದ್ಯಾರ್ಥಿಗಳ ಪಾಲು

ವಿದ್ಯಾರ್ಥಿಗಳು ಸಮಾಜಸೇವೆಯಲ್ಲಿ ತೊಡಗಬೇಕು ಎಂಬ ಮಾತಿನಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಆ ಸೇವೆಯನ್ನು ಯೋಜಿಸುವವರು ಯಾರು, ಅದರ ಲೆಕ್ಕಪತ್ರ ಯಾರ ಕೈಯಲ್ಲಿರಬೇಕು, ಕೆಲಸ ಮುಗಿದ ಮೇಲೆ ಅದನ್ನು ಕಾಯುವವರು ಯಾರು ಎಂಬ ಪ್ರಶ್ನೆಗಳನ್ನೆತ್ತಿದೊಡನೆ ಅಭಿಪ್ರಾಯಗಳು ಕವಲೊಡೆಯುತ್ತವೆ. ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿಯ ಶ್ರಮಕ್ಕೆ ದೊರೆತಿರುವ ಮನ್ನಣೆ ವಿದ್ಯಾರ್ಥಿಯ ನಿರ್ಧಾರಕ್ಕೆ ದೊರೆತಿಲ್ಲ. ರಾಷ್ಟ್ರೀಯ ಸೇವಾ ಯೋಜನೆಯನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಈ ಅಂತರದ ಸ್ವರೂಪವನ್ನು ವಿವರಿಸುವುದು, ಅದನ್ನು ಕಿರಿದುಗೊಳಿಸುವ ಕೆಲವು ಮಾರ್ಗಗಳನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ನನ್ನ ಅಧ್ಯಯನ ಕ್ಷೇತ್ರ ಮಧ್ಯಕಾಲೀನ ಕನ್ನಡ ಸಾಹಿತ್ಯ. ಹೊರರಾಜ್ಯದ ಕಾಲೇಜೊಂದರಲ್ಲಿ ಕನ್ನಡ ಬೋಧಿಸುತ್ತಿದ್ದಾಗ ಕೆಲವು ವರ್ಷ ಈ ಯೋಜನೆಯ ಕಾರ್ಯಕ್ರಮಾಧಿಕಾರಿಯಾಗಿದ್ದ ಅನುಭವ ಮತ್ತು ಶಾಸನಗಳ ಓದು ಇವೆರಡೂ ಸೇರಿ ಇಲ್ಲಿನ ವಿಚಾರಗಳನ್ನು ರೂಪಿಸಿವೆ.

1. ಯೋಜನೆಯ ಹಿನ್ನೆಲೆ

ಶಿಕ್ಷಣದೊಡನೆ ಸೇವೆಯನ್ನು ಬೆಸೆಯುವ ಯೋಚನೆ ಸ್ವಾತಂತ್ರ್ಯ ಬಂದ ಹೊಸತರಲ್ಲೇ ಮೂಡಿತ್ತು. ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು (1948-49) ವಿದ್ಯಾಸಂಸ್ಥೆಗಳಲ್ಲಿ ರಾಷ್ಟ್ರೀಯ ಸೇವೆಯನ್ನು ಸ್ವಯಂಪ್ರೇರಣೆಯ ನೆಲೆಯಲ್ಲಿ ಆರಂಭಿಸಬೇಕೆಂದು ಶಿಫಾರಸು ಮಾಡಿತು. 1959ರಲ್ಲಿ ಸಿ.ಡಿ. ದೇಶಮುಖ್ ಅವರ ನೇತೃತ್ವದ ಸಮಿತಿ ಇದಕ್ಕೆ ವಿರುದ್ಧವಾದ ದಾರಿ ಹಿಡಿದು, ಪ್ರೌಢಶಿಕ್ಷಣ ಮುಗಿಸಿ ಕಾಲೇಜು ಸೇರಬಯಸುವವರಿಗೆ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗಿನ ಕಡ್ಡಾಯ ಸೇವೆಯನ್ನು ಸೂಚಿಸಿತು. ಹಣಕಾಸಿನ ಹೊರೆ ಮತ್ತು ಅನುಷ್ಠಾನದ ತೊಡಕುಗಳಿಂದಾಗಿ ಆ ಸೂಚನೆ ಜಾರಿಗೆ ಬರಲಿಲ್ಲ. ಅನಂತರ ಕೆ.ಜಿ. ಸೈಯದೈನ್ ಅವರು ಬೇರೆ ಬೇರೆ ದೇಶಗಳ ಯುವಜನ ಸೇವಾ ವ್ಯವಸ್ಥೆಗಳನ್ನು ಅಧ್ಯಯನ ಮಾಡಿ 1960ರಲ್ಲಿ ವರದಿಯನ್ನು ಸಲ್ಲಿಸಿದರು. ಕೊಠಾರಿ ಆಯೋಗವು (1964-66) ಶಿಕ್ಷಣದ ಎಲ್ಲ ಹಂತಗಳಲ್ಲಿಯೂ ಯಾವುದಾದರೊಂದು ರೂಪದ ಸಮಾಜಸೇವೆ ಇರಬೇಕೆಂದಿತು.

ಈ ಚರ್ಚೆಗಳ ಫಲವಾಗಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ 37 ವಿಶ್ವವಿದ್ಯಾಲಯಗಳಲ್ಲಿ 40,000 ಸ್ವಯಂಸೇವಕರೊಡನೆ ಆರಂಭವಾಯಿತು. ಇದನ್ನು ಉದ್ಘಾಟಿಸಿದವರು ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್. ಅವರು 1967ರಲ್ಲಿ ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿದ್ದವರು. ದೆಹಲಿ ಸ್ಕೂಲ್ ಆಫ್ ಇಕನಾಮಿಕ್ಸ್ ಅನ್ನೂ ಮುಂದೆ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನೂ ಕಟ್ಟಿದವರು. ಹೊರರಾಜ್ಯಗಳಲ್ಲಿರುವ ಕನ್ನಡ ಸಂಶೋಧಕರಿಗೆ ಈ ಸಂಬಂಧ ನೆನಪಿರಬೇಕಾದದ್ದು. ಯೋಜನೆಯ ಲಾಂಛನ ಕೊನಾರ್ಕದ ಸೂರ್ಯ ದೇವಾಲಯದ ರಥಚಕ್ರ. ಅದರ ಧ್ಯೇಯವಾಕ್ಯದ ತಾತ್ಪರ್ಯ ‘ನಾನಲ್ಲ, ನೀನು’ ಎಂಬುದು.

2. ರಚನೆಯಲ್ಲಿ ವಿದ್ಯಾರ್ಥಿಯ ಸ್ಥಾನ

ಯೋಜನೆಯ ಮೂಲ ಅಂಗ ನೂರು ಸ್ವಯಂಸೇವಕರ ಘಟಕ. ಘಟಕಕ್ಕೊಬ್ಬ ಅಧ್ಯಾಪಕ ಕಾರ್ಯಕ್ರಮಾಧಿಕಾರಿಯಾಗಿರುತ್ತಾರೆ. ಸ್ವಯಂಸೇವಕರು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು. ವರ್ಷದ 120 ಗಂಟೆಗಳಲ್ಲಿ 20 ಗಂಟೆ ಪರಿಚಯ ಮತ್ತು ತರಬೇತಿಗೆ, 30 ಗಂಟೆ ಕಾಲೇಜಿನ ಆವರಣದ ಕೆಲಸಕ್ಕೆ, ಉಳಿದ 70 ಗಂಟೆ ಸಮುದಾಯದ ನಡುವಣ ಕೆಲಸಕ್ಕೆ ಮೀಸಲು. ಇದರ ಜೊತೆಗೆ ದತ್ತು ಗ್ರಾಮದಲ್ಲಿ ಏಳು ದಿನಗಳ ವಿಶೇಷ ಶಿಬಿರವಿದೆ. ಪ್ರತಿಯೊಬ್ಬ ಸ್ವಯಂಸೇವಕನೂ ಕೆಲಸದ ದಿನಚರಿಯನ್ನು ಬರೆಯಬೇಕೆಂಬ ಸೂಚನೆಯೂ ಉಂಟು.

ಕಾಲೇಜು ಮಟ್ಟದ ಸಲಹಾ ಸಮಿತಿಗೆ ಪ್ರಾಂಶುಪಾಲರು ಅಧ್ಯಕ್ಷರು. ಕಾರ್ಯಕ್ರಮಾಧಿಕಾರಿ ಸದಸ್ಯ ಕಾರ್ಯದರ್ಶಿ. ಅಧ್ಯಾಪಕರಲ್ಲದೆ ಅಭಿವೃದ್ಧಿ ಇಲಾಖೆಯ ಪ್ರತಿನಿಧಿಯೊಬ್ಬರು, ದತ್ತು ಗ್ರಾಮದವರೊಬ್ಬರು, ಇಬ್ಬರು ವಿದ್ಯಾರ್ಥಿ ನಾಯಕರು ಅದರಲ್ಲಿರಬೇಕೆಂದು ಯೋಜನೆಯ ಕೈಪಿಡಿ ಹೇಳುತ್ತದೆ. ಅಂದರೆ ವಿದ್ಯಾರ್ಥಿಗೂ ಹಳ್ಳಿಯವರಿಗೂ ನಿರ್ಧಾರದ ಮನೆಯಲ್ಲಿ ಆಸನವಿದೆ. ದೋಷ ನಿಯಮದಲ್ಲಿಲ್ಲ, ರೂಢಿಯಲ್ಲಿದೆ. ಸಭೆಯ ದಿನಾಂಕ ಗೊತ್ತಾಗುವ ವೇಳೆಗೆ ಶಿಬಿರದ ಹಳ್ಳಿ, ಕೆಲಸ, ಉದ್ಘಾಟಕರು, ಎಲ್ಲವೂ ಗೊತ್ತಾಗಿರುತ್ತವೆ. ವಿದ್ಯಾರ್ಥಿ ನಾಯಕರು ನಡಾವಳಿ ಪುಸ್ತಕದಲ್ಲಿ ಸಹಿ ಮಾಡುತ್ತಾರೆ. ಚಹಾ ತಂದುಕೊಡುವವರೂ ಹಲವೊಮ್ಮೆ ಅವರೇ.

ವಿದ್ಯಾರ್ಥಿಗಳ ಪಾಲುಗೊಳ್ಳುವಿಕೆ ಎಂಬ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ಹಂತಗಳು ಅಡಗಿವೆ. ಮೊದಲನೆಯದು ಹಾಜರಾತಿ: ಕರೆದಾಗ ಬಂದು ಹೇಳಿದ್ದನ್ನು ಮಾಡುವುದು. ಎರಡನೆಯದು ಉಸ್ತುವಾರಿ: ಇತರರು ನಿರ್ಧರಿಸಿದ ಕೆಲಸವನ್ನು ತಂಡ ಕಟ್ಟಿಕೊಂಡು ನೆರವೇರಿಸುವುದು. ಮೂರನೆಯದು ನಿರ್ಧಾರ: ಯಾವ ಕೆಲಸ, ಎಲ್ಲಿ, ಯಾರೊಡನೆ ಎಂಬುದನ್ನು ಗೊತ್ತುಮಾಡುವುದು. ನಾಲ್ಕನೆಯದು ಹೊಣೆ: ಖರ್ಚಿನ ಲೆಕ್ಕವಿಡುವುದು, ಮಾಡಿದ್ದನ್ನು ವರ್ಷದ ನಂತರ ಹೋಗಿ ನೋಡುವುದು, ತಪ್ಪಿದ್ದರೆ ಒಪ್ಪಿಕೊಂಡು ಮುಂದಿನವರಿಗೆ ತಿಳಿಸುವುದು. ನಮ್ಮ ವಾರ್ಷಿಕ ವರದಿಗಳು ಕೊಂಡಾಡುವುದೆಲ್ಲ ಮೊದಲೆರಡು ಹಂತಗಳನ್ನು. ಎಷ್ಟು ಸಸಿ ನೆಟ್ಟರು, ಎಷ್ಟು ಬಾಟಲಿ ರಕ್ತ ಸಂಗ್ರಹವಾಯಿತು ಎಂಬ ಅಂಕಿಗಳು ಅಲ್ಲಿರುತ್ತವೆ. ಸಸಿಗಳಲ್ಲಿ ಉಳಿದವೆಷ್ಟು ಎಂಬ ಅಂಕಣವನ್ನು ನಾನು ಕಂಡದ್ದು ತೀರ ಅಪರೂಪ.

3. ಒಂದು ಹಳ್ಳಿಯ ಪಾಠ

ಸುಮಾರು ಎರಡು ದಶಕಗಳ ಹಿಂದೆ ನಮ್ಮ ಘಟಕ ದತ್ತು ತೆಗೆದುಕೊಂಡದ್ದು ಇಂದಿನ ತೆಲಂಗಾಣದ ಗಡಿಭಾಗದ ಹಳ್ಳಿಯೊಂದನ್ನು. ಆಡಳಿತ ಮತ್ತು ಶಾಲೆಯ ಭಾಷೆ ಅಲ್ಲಿ ತೆಲುಗು; ಹಲವು ಮನೆಗಳ ಮಾತು ಕನ್ನಡ. ಮೊದಲ ವರ್ಷದ ಕಾರ್ಯಕ್ರಮವನ್ನೆಲ್ಲ ನಾನೇ ರೂಪಿಸಿದ್ದೆ: ಶಾಲೆಯ ಸುತ್ತ ಸಸಿ ನೆಡುವುದು, ಬೀದಿ ಗುಡಿಸುವುದು, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ. ಶಿಬಿರ ಯಶಸ್ವಿಯಾಯಿತೆಂದು ವರದಿಯನ್ನೂ ಬರೆದೆ. ಮರುವರ್ಷ ಹೊಸ ತಂಡದೊಡನೆ ಹೋದಾಗ ಸಸಿಗಳೆಲ್ಲ ಒಣಗಿ ಹೋಗಿದ್ದವು. ಅದೇ ಗುಂಡಿಗಳಲ್ಲಿ ಹೊಸ ಸಸಿಗಳನ್ನು ಇಡುತ್ತಿದ್ದಾಗ ಎದುರು ಮನೆಯ ಮುದುಕಿಯೊಬ್ಬರು ಕಟ್ಟೆಯ ಮೇಲಿಂದಲೇ ಕೇಳಿದರು: “ವರ್ಷಾ ಬರ್ತೀರಿ ಖರೇ ಸರ, ಆದ್ರ ಹೋದ ವರ್ಷದ ಹುಡುಗೂರು ಎಲ್ಲಿ? ಗಿಡಾ ಹಚ್ಚಿದವ್ರು ಅವ್ರು. ನೀರ ಯಾರು ಹಾಕಬೇಕಂತ ಹೇಳೇ ಹೋಗ್ಲಿಲ್ಲ.”

ಆ ಮಾತಿನಲ್ಲಿ ನಿಂದೆಯಿರಲಿಲ್ಲ, ಸಹಜವಾದ ಕುತೂಹಲವಿತ್ತು. ಆದರೆ ಕಾಲೇಜಿನ ಸೇವಾ ಕಾರ್ಯಗಳ ಮೂಲ ದೌರ್ಬಲ್ಯವನ್ನು ಅದು ಒಂದೇ ಪ್ರಶ್ನೆಯಲ್ಲಿ ಹಿಡಿದಿತ್ತು. ಹಳ್ಳಿ ಇದ್ದಲ್ಲೇ ಇರುತ್ತದೆ. ವಿದ್ಯಾರ್ಥಿ ಎರಡು ಮೂರು ವರ್ಷಗಳಲ್ಲಿ ಹೊರಟುಹೋಗುತ್ತಾನೆ. ನಿರ್ಧಾರ, ಲೆಕ್ಕ, ನೆನಪು ಎಲ್ಲವೂ ಅಧ್ಯಾಪಕನೊಬ್ಬನ ತಲೆಯಲ್ಲಿ ಉಳಿದರೆ, ಹೊರಡುವ ವಿದ್ಯಾರ್ಥಿಗೆ ಬರುವವನಿಗೆ ಒಪ್ಪಿಸಲು ಏನೂ ಇರುವುದಿಲ್ಲ. ಅಧ್ಯಾಪಕನ ವರ್ಗಾವಣೆಯಾದ ದಿನ ಅಷ್ಟೂ ಅಳಿಸಿಹೋಗುತ್ತದೆ.

4. ಶಾಸನಗಳು ತೋರುವ ದಾರಿ

ಇದೇ ಸಮಸ್ಯೆಯನ್ನು ನಮ್ಮ ಹಿಂದಿನವರು ಎದುರಿಸಿದ್ದ ಬಗೆಯನ್ನು ಕೆರೆಗಳಿಗೆ ಸಂಬಂಧಿಸಿದ ಕನ್ನಡ ಶಾಸನಗಳಲ್ಲಿ ಕಾಣಬಹುದು. ಅಲ್ಲಿ ಕೆರೆ ಕಟ್ಟಿಸಿದವರ ಕೀರ್ತಿಗೆ ಸ್ಥಾನವುಂಟು. ಆದರೆ ಅನೇಕ ಶಾಸನಗಳು ಅಷ್ಟಕ್ಕೆ ನಿಲ್ಲದೆ, ಕೆರೆಯನ್ನು ಮುಂದೆ ನೋಡಿಕೊಳ್ಳುವ ಏರ್ಪಾಡನ್ನೂ ಬರೆದಿಡುತ್ತವೆ. ಬಿತ್ತುವಟ್ಟ, ಕಟ್ಟುಕೊಡಗೆ ಮೊದಲಾದ ಪಾರಿಭಾಷಿಕ ಪದಗಳು ಹುಟ್ಟಿದ್ದು ಇಂಥ ಏರ್ಪಾಡುಗಳಿಂದ. ಕೆರೆಯ ನಿರ್ಮಾಣಕ್ಕಾಗಿ, ಅದರ ರಕ್ಷಣೆ ಮತ್ತು ದುರಸ್ತಿಗಾಗಿ ಬಿಟ್ಟ ಭೂಮಿ ಅಥವಾ ಉತ್ಪನ್ನದ ಪಾಲನ್ನು ಇವು ಸೂಚಿಸುತ್ತವೆ. ಹೂಳೆತ್ತುವ ಬಂಡಿಗಳ ನಿರ್ವಹಣೆಗೆಂದೇ ಬಿಟ್ಟ ದತ್ತಿಗಳೂ ಉಂಟು. ಇಂಥ ದತ್ತಿಗಳನ್ನು ಅನೇಕ ವೇಳೆ ಒಬ್ಬ ವ್ಯಕ್ತಿಗೆ ಒಪ್ಪಿಸದೆ ಊರಿನ ಮಹಾಜನರಂತಹ ಸಾಮೂಹಿಕ ಸಂಸ್ಥೆಗೆ ಒಪ್ಪಿಸುತ್ತಿದ್ದರು. ವ್ಯಕ್ತಿಗಳು ಸತ್ತರೂ ಸಂಸ್ಥೆ ಉಳಿಯುತ್ತದೆಂಬ ತಿಳಿವಳಿಕೆ ಇದರ ಹಿಂದಿದೆ. ಕೊಡುವುದಕ್ಕಿಂತ ಕೊಟ್ಟದ್ದನ್ನು ಪಾಲಿಸುವುದು ಮಿಗಿಲೆಂಬ ಆಶಯ ಶಾಸನಗಳ ಕೊನೆಯ ಶ್ಲೋಕಗಳಲ್ಲಿ ಮತ್ತೆ ಮತ್ತೆ ಬರುವುದು ಇದೇ ಕಾರಣಕ್ಕೆ.

ಈ ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಮಹಾಜನರ ಸಭೆಯಲ್ಲಿ ಊರಿನ ಎಲ್ಲರಿಗೂ ಪ್ರವೇಶವಿರಲಿಲ್ಲ. ಕೆರೆಯ ಮಣ್ಣು ಹೊತ್ತವರ ಹೆಸರುಗಳು ಕಲ್ಲಿನ ಮೇಲೆ ಸಿಗುವುದು ವಿರಳ. ನಮ್ಮ ಶಿಬಿರಗಳಲ್ಲಿಯೂ ಮಣ್ಣು ಹೊರುವವರು ಒಂದು ಕಡೆ, ಫಲಕದ ಮೇಲೆ ಹೆಸರಿರುವವರು ಒಂದು ಕಡೆ ಎಂಬುದನ್ನು ನೆನೆದರೆ ಆ ದೋಷವನ್ನು ನಾವು ಪೂರ್ತಿ ಕಳೆದುಕೊಂಡಿಲ್ಲವೆನ್ನಬೇಕು. ಆದರೂ ಶಾಸನಗಳಿಂದ ಒಂದು ಸೂತ್ರವನ್ನು ಪಡೆಯಬಹುದು: ಪಾಲನೆಯ ಏರ್ಪಾಡಿಲ್ಲದ ನಿರ್ಮಾಣ ಅಪೂರ್ಣ, ಪಾಲನೆಯ ಹೊಣೆಯನ್ನು ಹೊರಬೇಕಾದದ್ದು ಸಮೂಹ.

5. ನಿರ್ವಹಣೆಯನ್ನು ಒಪ್ಪಿಸಿದ ಬಗೆ

ಮೂರನೆಯ ವರ್ಷ ನಾವು ಕ್ರಮವನ್ನು ಬದಲಿಸಿದೆವು. ಆ ಬದಲಾವಣೆಯ ಮುಖ್ಯ ಅಂಶಗಳನ್ನು ಇಲ್ಲಿ ಕೊಡುತ್ತೇನೆ.

ಮೊದಲನೆಯದು ಸಮೀಕ್ಷೆ. ಶಿಬಿರಕ್ಕೆ ಎರಡು ತಿಂಗಳು ಮುಂಚೆ ವಿದ್ಯಾರ್ಥಿಗಳು ಇಬ್ಬಿಬ್ಬರಾಗಿ ಮನೆಮನೆಗೆ ಹೋದರು. ಆಗ ಎರಡು ಸಂಗತಿಗಳು ಬೆಳಕಿಗೆ ಬಂದವು. ಅದುವರೆಗೆ ನಾಯಕರಾಗಿದ್ದವರು ನಗರದಲ್ಲಿ ಬೆಳೆದ, ವೇದಿಕೆಯ ಮೇಲೆ ಚೆನ್ನಾಗಿ ಮಾತನಾಡಬಲ್ಲ ಹುಡುಗರು. ಹಳ್ಳಿಯ ಅಡುಗೆಮನೆಗಳ ಬಾಗಿಲು ತೆರೆದದ್ದು ಹುಡುಗಿಯರಿಗೆ. ವೃದ್ಧರ ಮಾತು ತಿಳಿದದ್ದು ಕನ್ನಡ ಬಲ್ಲ ನಾಲ್ಕಾರು ಮಂದಿಗೆ. ತರಗತಿಯ ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತಿರುತ್ತಿದ್ದ, ಮನೆಯಲ್ಲಿ ಮಾತ್ರ ಕನ್ನಡವಾಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಸಮೀಕ್ಷೆಯ ಕೊನೆಯ ಹೊತ್ತಿಗೆ ಇಡೀ ಘಟಕದ ಮಾರ್ಗದರ್ಶಿಯಾಗಿದ್ದಳು. ಸಮುದಾಯದ ಭಾಷೆಯನ್ನು ಬಲ್ಲವರೇ ಸಮುದಾಯ ಕಾರ್ಯದ ಸಹಜ ನಾಯಕರೆಂಬುದನ್ನು ನಮ್ಮ ಆಯ್ಕೆಯ ಪದ್ಧತಿ ಗಮನಿಸಿಯೇ ಇರಲಿಲ್ಲ. ಹೊರರಾಜ್ಯದ ಕನ್ನಡಿಗ ವಿದ್ಯಾರ್ಥಿಗಳಿಗೆ ಕೊರತೆಯಂತೆ ತೋರುವ ಮನೆಮಾತು ಇಲ್ಲಿ ಸಾಮರ್ಥ್ಯವಾಗಿ ಪರಿಣಮಿಸಿತು.

ಎರಡನೆಯದು ಲೆಕ್ಕ. ಶಿಬಿರದಲ್ಲಿ ವಿದ್ಯಾರ್ಥಿಗಳ ಸ್ವಯಮಾಡಳಿತ ನಿಜವಾಗಿ ನಡೆಯುವ ಜಾಗವೊಂದು ಮೊದಲಿನಿಂದಲೂ ಇತ್ತು; ಅದು ಅಡುಗೆಮನೆ. ಅಕ್ಕಿ, ಬೇಳೆ, ಎಣ್ಣೆಯ ಅಂದಾಜು, ಸಂತೆಯ ಚೌಕಾಸಿ, ಹಾಲಿನವರ ಬಾಕಿ, ಐವತ್ತು ಮಂದಿಯ ಊಟದ ಸರದಿ ಇವೆಲ್ಲವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಅಲ್ಲಿ ಸಾಧ್ಯವಾದದ್ದು ಉಳಿದ ಖರ್ಚಿನಲ್ಲಿ ಏಕೆ ಸಾಧ್ಯವಾಗಬಾರದು? ಹಣದ ಕಾನೂನುಬದ್ಧ ಹೊಣೆ ಕಾರ್ಯಕ್ರಮಾಧಿಕಾರಿಯದೇ. ರಸೀದಿಗಳಿಗೆ ಸಹಿ ಮಾಡಬೇಕಾದವರು ಅವರೇ. ಆದರೆ ಪ್ರತಿ ರಾತ್ರಿ ದಿನದ ಖರ್ಚನ್ನು ಎಲ್ಲರ ಮುಂದೆ ಓದಿ ಹೇಳುವುದನ್ನು ಯಾವ ನಿಯಮವೂ ತಡೆಯುವುದಿಲ್ಲ. ಹಾಗೆ ಓದತೊಡಗಿದ ಮೂರನೆಯ ರಾತ್ರಿ, ಸಮಾರೋಪದ ಹಾರತುರಾಯಿಗಳಿಗೆ ಮೀಸಲಿಟ್ಟ ಹಣವನ್ನು ಕಡಿತಗೊಳಿಸಿ ಗಿಡಗಳ ಬೇಲಿಗೆ ಕೊಡಬೇಕೆಂದು ವಿದ್ಯಾರ್ಥಿಗಳೇ ಸೂಚಿಸಿದರು. ಅಷ್ಟು ಸರಳವಾದ ನಿರ್ಧಾರ ಎರಡು ವರ್ಷ ನನಗೆ ಹೊಳೆದಿರಲಿಲ್ಲ.

ಮೂರನೆಯದು ಹಸ್ತಾಂತರ. ಎರಡನೆಯ ವರ್ಷದ ಸ್ವಯಂಸೇವಕರು ಹೊರಡುವ ಮುನ್ನ ಹೊಸಬರನ್ನು ಹಳ್ಳಿಗೆ ಕರೆದೊಯ್ದು, ಮಾಡಿದ ಕೆಲಸಗಳನ್ನು ಒಂದೊಂದಾಗಿ ತೋರಿಸಿ, ಹಳ್ಳಿಯವರಿಗೆ ಅವರನ್ನು ಪರಿಚಯಿಸಬೇಕೆಂದು ಗೊತ್ತುಮಾಡಿದೆವು. ಇದಕ್ಕಾಗಿ ಒಂದು ವಹಿಯನ್ನು ತೆರೆದೆವು. ಅದರಲ್ಲಿ ಮೂರು ಅಂಕಣಗಳು: ಏನು ಮಾಡಿದೆವು, ಯಾರು ನೋಡಿಕೊಳ್ಳಬೇಕು, ಏನು ಕೆಟ್ಟಿತು. ಎರಡನೆಯ ಅಂಕಣದಲ್ಲಿ ವಿದ್ಯಾರ್ಥಿಯ ಹೆಸರಿನ ಪಕ್ಕದಲ್ಲಿ ಹಳ್ಳಿಯವರೊಬ್ಬರ ಹೆಸರೂ ಇರಬೇಕು. ಇಲ್ಲದಿದ್ದರೆ ಆ ಕೆಲಸವನ್ನು ಕೈಗೆತ್ತಿಕೊಳ್ಳಬಾರದು. ಶಾಲೆಯ ಸುತ್ತಣ ಪ್ರತಿ ಗಿಡಕ್ಕೂ ಒಂದು ಮನೆಯನ್ನು ಗೊತ್ತುಮಾಡಿದ್ದು ಈ ನಿಯಮದಿಂದಲೇ. ಎಲ್ಲವೂ ಬದುಕಲಿಲ್ಲ. ಆದರೆ ಬದುಕಿದವುಗಳ ನೆರಳಿನಲ್ಲಿ ಅನಂತರದ ಶಿಬಿರಗಳ ಸಭೆಗಳು ನಡೆದವು.

6. ತಪ್ಪುವ ಹಕ್ಕು ಮತ್ತು ಅದರ ಮಿತಿ

ವಿದ್ಯಾರ್ಥಿಗಳಿಗೆ ನಿರ್ಧಾರವನ್ನು ಒಪ್ಪಿಸಿದರೆ ಎಲ್ಲವೂ ಸರಿಹೋಗುತ್ತದೆಂದು ವಾದಿಸುವುದು ಪ್ರಾಮಾಣಿಕವಾಗದು. ನಾಲ್ಕನೆಯ ವರ್ಷದ ತಂಡ ಹಳ್ಳಿಯಲ್ಲಿ ವಾಚನಾಲಯವೊಂದನ್ನು ತೆರೆಯಲು ನಿರ್ಧರಿಸಿತು. ಸಮೀಕ್ಷೆಯಲ್ಲಿ ಹೆಚ್ಚು ಮನೆಗಳವರು ಕೇಳಿದ್ದು ಚರಂಡಿಯ ವಿಷಯವನ್ನು. ಆದರೆ ಪುಸ್ತಕಗಳ ಸಂಗ್ರಹಣೆ ಯುವಮನಸ್ಸುಗಳಿಗೆ ಹೆಚ್ಚು ಆಕರ್ಷಕವಾಗಿ ಕಂಡಿತು. ನನಗೆ ಸಂಶಯವಿತ್ತು, ಅವರ ಸ್ವಾತಂತ್ರ್ಯಕ್ಕೆ ಅಡ್ಡ ಬರಬಾರದೆಂದು ಸುಮ್ಮನಿದ್ದೆ. ಬೀಗದ ಕೈ ಒಂದೇ ಮನೆಯಲ್ಲಿ ಉಳಿಯಿತು. ಆ ಮನೆಯವರು ಕೆಲಸಕ್ಕಾಗಿ ಊರು ಬಿಟ್ಟ ಮೇಲೆ ವಾಚನಾಲಯದ ಬಾಗಿಲು ತೆರೆಯಲಿಲ್ಲ. ಆ ವರ್ಷದ ವಹಿಯ ಮೂರನೆಯ ಅಂಕಣದಲ್ಲಿ ವಿದ್ಯಾರ್ಥಿಗಳು ಬರೆದದ್ದರ ಸಾರಾಂಶವಿಷ್ಟೆ: ಹಳ್ಳಿಯವರು ಕೇಳಿದ್ದನ್ನು ಬಿಟ್ಟು ನಮಗೆ ಇಷ್ಟವಾದದ್ದನ್ನು ಮಾಡಿದೆವು. ‘ನಾನಲ್ಲ, ನೀನು’ ಎಂಬ ಧ್ಯೇಯವಾಕ್ಯಕ್ಕೆ ಇದಕ್ಕಿಂತ ಉತ್ತಮವಾದ ವ್ಯಾಖ್ಯಾನವನ್ನು ನಾನು ಯಾವ ಉಪನ್ಯಾಸದಲ್ಲಿಯೂ ಕೇಳಿಲ್ಲ.

ಇಲ್ಲಿ ನನ್ನ ತಪ್ಪೂ ಇತ್ತು. ಅಧಿಕಾರವನ್ನು ಹಂಚಿಕೊಳ್ಳುವುದೆಂದರೆ ಅಧ್ಯಾಪಕ ಮೌನವಾಗುವುದಲ್ಲ. ಸಂಶಯವನ್ನು ಸಭೆಯಲ್ಲಿ ಹೇಳಿ, ಅನಂತರ ಸಭೆಯ ನಿರ್ಧಾರಕ್ಕೆ ತಲೆಬಾಗುವುದು ಅವನ ಕರ್ತವ್ಯ. ವಿದ್ಯಾರ್ಥಿಗಳ ಸುರಕ್ಷತೆ, ಪ್ರಯಾಣ, ವಸತಿ, ಆರೋಗ್ಯ ಇವುಗಳ ಹೊಣೆಯನ್ನಂತೂ ಅವರ ಮೇಲೆ ಹೊರಿಸುವಂತಿಲ್ಲ. ಹಾಗೆಯೇ ವಿದ್ಯಾರ್ಥಿ ನಾಯಕತ್ವ ಒಂದು ಗುಂಪಿನ ಸ್ವತ್ತಾಗದಂತೆ ನೋಡಿಕೊಳ್ಳುವುದೂ ಅವನದೇ ಕೆಲಸ. ಜಾತಿ, ಭಾಷೆ, ಲಿಂಗಗಳ ಭೇದ ಕಾಲೇಜಿನ ಗೇಟಿನ ಹೊರಗೇ ನಿಲ್ಲುವುದಿಲ್ಲ. ಸರದಿಯ ಪದ್ಧತಿಯಿಲ್ಲದಿದ್ದರೆ ಅಡುಗೆ ಹುಡುಗಿಯರ ಪಾಲಿಗೂ ಭಾಷಣ ಹುಡುಗರ ಪಾಲಿಗೂ ತಾನಾಗಿಯೇ ಹಂಚಿಕೆಯಾಗುತ್ತದೆ.

7. ಇಂದಿನ ಸಂದರ್ಭ

2020ರ ರಾಷ್ಟ್ರೀಯ ಶಿಕ್ಷಣ ನೀತಿ ಉನ್ನತ ಶಿಕ್ಷಣದಲ್ಲಿ ಸಮುದಾಯ ಸಂಪರ್ಕಕ್ಕೆ ಸ್ಥಾನ ನೀಡಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರಲ್ಲಿ ಹೊರತಂದ ಮಾರ್ಗಸೂಚಿ ಅದನ್ನು ಕ್ರೆಡಿಟ್ ಉಳ್ಳ ಪಠ್ಯಕ್ರಮವಾಗಿ ರೂಪಿಸಿದೆ. ಸೇವೆಗೆ ಪಠ್ಯದಲ್ಲಿ ಜಾಗ ದೊರೆತದ್ದು ಸ್ವಾಗತಾರ್ಹ. ಬಡ ವಿದ್ಯಾರ್ಥಿ ತನ್ನ ವೇಳೆಯನ್ನು ಪುಕ್ಕಟೆಯಾಗಿ ಕೊಡಬೇಕಾಗಿದ್ದ ಅನ್ಯಾಯ ಇದರಿಂದ ಸ್ವಲ್ಪ ತಗ್ಗುತ್ತದೆ. ಆದರೆ ಅಂಕ ಬಂದಲ್ಲಿ ಅಳತೆ ಬರುತ್ತದೆ. ಅಳತೆಗೆ ಸುಲಭವಾಗಿ ಸಿಗುವುದು ಹಾಜರಾತಿಯೇ ಹೊರತು ಹೊಣೆಯಲ್ಲ. ಮೇಲೆ ಹೇಳಿದ ನಾಲ್ಕು ಹಂತಗಳಲ್ಲಿ ಮೊದಲನೆಯದಕ್ಕೇ ಅಂಕ ಕೊಟ್ಟು ಮುಗಿಸುವ ಅಪಾಯ ಇಲ್ಲಿದೆ. ಸಮೀಕ್ಷೆ, ಲೆಕ್ಕ, ಹಸ್ತಾಂತರದ ಟಿಪ್ಪಣಿ ಇವುಗಳನ್ನು ಮೌಲ್ಯಮಾಪನದ ಭಾಗವಾಗಿಸಿದರೆ, ಹಾಗೂ ವಿಫಲವಾದ ಕೆಲಸದ ಪ್ರಾಮಾಣಿಕ ವಿವರಣೆಗೂ ಪೂರ್ಣ ಅಂಕ ದೊರೆಯುವಂತಾದರೆ, ಈ ಅಪಾಯವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಸಂಶೋಧಕರಿಗೆ ಇಲ್ಲೊಂದು ಕ್ಷೇತ್ರ ಕಾದಿದೆ. 1969ರಿಂದೀಚೆಗೆ ಸ್ವಯಂಸೇವಕರು ಬರೆದ ದಿನಚರಿಗಳು, ಘಟಕಗಳ ನಡಾವಳಿ ಪುಸ್ತಕಗಳು, ಶಿಬಿರದ ಸಮೀಕ್ಷೆಗಳು ಕಾಲೇಜುಗಳ ಉಗ್ರಾಣಗಳಲ್ಲಿ ಧೂಳು ಹಿಡಿದಿವೆ. ಎಷ್ಟೋ ಕಡೆ ರದ್ದಿಗೆ ಹೋಗಿವೆ. ಮುಂಬಯಿ, ಸೊಲ್ಲಾಪುರ, ಹೈದರಾಬಾದು, ಚೆನ್ನೈಗಳ ಕಾಲೇಜುಗಳಲ್ಲಿ ಕನ್ನಡಿಗ ವಿದ್ಯಾರ್ಥಿಗಳು ಬರೆದವೂ ಇವುಗಳಲ್ಲಿ ಸೇರಿರಬೇಕು. ಹಳ್ಳಿಯನ್ನು ಮೊದಲ ಬಾರಿಗೆ ಕಂಡ ನಗರದ ಮಕ್ಕಳ, ಊರನ್ನು ಬೇರೆ ಕಣ್ಣಿನಿಂದ ಕಂಡ ಹಳ್ಳಿಯ ಮಕ್ಕಳ ಮಾತುಗಳು ಅಲ್ಲಿವೆ. ಗಡಿನಾಡಿನ ಆಡುಮಾತಿನ ದಾಖಲೆಗಳಾಗಿಯೂ ಅವು ಉಪಯುಕ್ತವಾಗಬಲ್ಲವು. ಶಾಸನದ ಒಂದು ತುಂಡಿಗಾಗಿ ಊರೂರು ಅಲೆಯುವ ನಾವು ನಮ್ಮದೇ ಕಾಲೇಜಿನ ಕಪಾಟನ್ನು ತೆರೆದು ನೋಡಿಲ್ಲ.

ನಮ್ಮ ಘಟಕದ ಆ ವಹಿ ನಾನು ಕಾಲೇಜು ಬಿಡುವಾಗ ನಾಲ್ಕನೆಯ ತಂಡದ ಕೈಯಿಂದ ಐದನೆಯ ತಂಡದ ಕೈಗೆ ಹೋಗಿತ್ತು. ಅದರ ಪ್ರತಿಯನ್ನು ನಾನು ಇಟ್ಟುಕೊಳ್ಳಲಿಲ್ಲ, ಅದು ನನ್ನದಾಗಿರಲಿಲ್ಲ. ಕಾರ್ಯಕ್ರಮವೊಂದು ವಿದ್ಯಾರ್ಥಿಗಳದ್ದಾಯಿತೇ ಎಂಬುದನ್ನು ತಿಳಿಯಲು ನನ್ನ ದೃಷ್ಟಿಯಲ್ಲಿ ಒಂದೇ ಪರೀಕ್ಷೆ ಸಾಕು: ಅಧ್ಯಾಪಕ ಹೊರಟುಹೋದ ಮರುವರ್ಷ, ಆ ಮುದುಕಿಯ ಪ್ರಶ್ನೆಗೆ ಉತ್ತರಿಸಬಲ್ಲ ವಿದ್ಯಾರ್ಥಿಯೊಬ್ಬ ಹಳ್ಳಿಯ ಕಟ್ಟೆಯ ಬಳಿ ಇರುತ್ತಾನೆಯೇ ಎಂಬುದು.